ಸಾಕುನಾಯಿಯ ಪರೋಪಜೀವಿ ಬಾಧೆ: ಸಹಜ ನಿಯಂತ್ರಣದ ಮಾರ್ಗ

ಹಳ್ಳಿಯ ಮನೆಗಳಲ್ಲಿ ನಾಯಿಯು ಕುಟುಂಬದ ಒಬ್ಬ ಸದಸ್ಯನಂತೆಯೇ ಬಾಳುತ್ತದೆ. ಹೊಲದ ಬದುವಿನಲ್ಲಿ ಒಡೆಯನನ್ನು ಹಿಂಬಾಲಿಸುವುದು, ಕುರಿಹಟ್ಟಿಯ ಸುತ್ತ ರಾತ್ರಿಯಿಡೀ ಎಚ್ಚರವಾಗಿರುವುದು, ಅಂಗಳದಲ್ಲಿ ಮಕ್ಕಳೊಡನೆ ಆಡುವುದು, ಇವೆಲ್ಲವೂ ಅದರ ನಿತ್ಯದ ಕಾಯಕ. ಇಷ್ಟು ಸಮೀಪದಲ್ಲಿರುವ ಈ ಮೂಕಜೀವಿಯ ಮೈಮೇಲೆ ಉಣ್ಣಿ, ಚಿಗಟ, ಹೇನುಗಳೂ, ಕರುಳಿನಲ್ಲಿ ದುಂಡುಹುಳು, ಕೊಕ್ಕೆಹುಳು, ಲಾಡಿಹುಳುಗಳೂ ನೆಲೆಸಿದರೆ ಅದರ ದುಷ್ಪರಿಣಾಮವು ನಾಯಿಗಷ್ಟೇ ಸೀಮಿತವಾಗಿ ಉಳಿಯುವುದಿಲ್ಲ. ಇವುಗಳಲ್ಲಿ ಕೆಲವು ಮನುಷ್ಯರಿಗೂ, ವಿಶೇಷವಾಗಿ ಮಣ್ಣಿನಲ್ಲಿ ಆಡುವ ಮಕ್ಕಳಿಗೂ ದಾಟುತ್ತವೆ.

ರಾಸಾಯನಿಕ ಔಷಧಗಳನ್ನು ಆದಷ್ಟು ಕಡಿಮೆ ಮಾಡಿ, ಸಹಜ ರೀತಿಯಲ್ಲಿ ಇವುಗಳನ್ನು ತಡೆಯಲು ಸಾಧ್ಯವೇ ಎಂದು ಅನೇಕರು ಕೇಳುತ್ತಾರೆ. ಬಹುಮಟ್ಟಿಗೆ ಸಾಧ್ಯವಿದೆ. ಆದರೆ ಸಹಜ ವಿಧಾನವೆಂದರೆ ಯಾವುದೋ ಸೊಪ್ಪನ್ನು ಅರೆದು ಹಚ್ಚುವುದು ಎಂಬ ಗ್ರಹಿಕೆ ಅಪೂರ್ಣವಾದುದು. ಪರೋಪಜೀವಿಯ ಜೀವನಚಕ್ರವನ್ನು ಅರಿತು, ಅದು ದುರ್ಬಲವಾಗಿರುವ ಹಂತದಲ್ಲಿ ಆ ಚಕ್ರವನ್ನು ಕಡಿಯುವುದೇ ನಿಜವಾದ ಸಹಜ ವಿಧಾನ. ಅದಕ್ಕೆ ಬೇಕಾದ ಸಾಧನಗಳು ಬಿಸಿಲು, ನೀರು, ಪೊರಕೆ, ಬಾಚಣಿಗೆ ಹಾಗೂ ಪ್ರತಿದಿನದ ಹತ್ತು ನಿಮಿಷಗಳ ಗಮನ. ಎಲ್ಲಿ ಇವು ಸಾಲುವುದಿಲ್ಲವೋ ಅಲ್ಲಿ ಪಶುವೈದ್ಯರ ಔಷಧವನ್ನು ತಡಮಾಡದೆ ಸ್ವೀಕರಿಸುವುದೂ ವಿವೇಕವೇ ಆಗಿದೆ.

ಮೈಮೇಲೆ ಕಾಣುವುದು ಅಲ್ಪ, ಮನೆಯಲ್ಲಿ ಅಡಗಿರುವುದು ಅಧಿಕ

ಚಿಗಟವು ನಾಯಿಯ ಮೈಮೇಲೆ ರಕ್ತ ಹೀರುತ್ತಾ ದಿನವೊಂದಕ್ಕೆ ನಲವತ್ತರವರೆಗೂ ಮೊಟ್ಟೆಗಳನ್ನು ಇಡಬಲ್ಲದು. ಈ ಮೊಟ್ಟೆಗಳು ಕೂದಲಿಗೆ ಅಂಟಿಕೊಳ್ಳುವುದಿಲ್ಲ. ನಾಯಿ ಮಲಗುವ ಗೋಣಿಚೀಲ, ಕಂಬಳಿ, ನೆಲದ ಬಿರುಕುಗಳಲ್ಲಿ ಉದುರುತ್ತವೆ. ಅಲ್ಲಿ ಮರಿಹುಳುಗಳಾಗಿ, ಅನಂತರ ಗೂಡು ಕಟ್ಟಿ ಕೋಶಾವಸ್ಥೆಗೆ ಹೋಗುತ್ತವೆ. ಕೋಶದೊಳಗಿನ ಚಿಗಟವು ತಿಂಗಳುಗಟ್ಟಲೆ ಕಾದಿದ್ದು, ಪ್ರಾಣಿಯ ಮೈಶಾಖ ಮತ್ತು ಹೆಜ್ಜೆಯ ಕಂಪನವನ್ನು ಗ್ರಹಿಸಿದೊಡನೆ ಹೊರಬರುತ್ತದೆ. ಬಹುದಿನ ಬೀಗ ಹಾಕಿದ್ದ ಮನೆಯನ್ನು ತೆರೆದಾಗ ಚಿಗಟಗಳು ಒಮ್ಮೆಲೇ ಕಾಲಿಗೆ ಮುತ್ತುವುದು ಇದೇ ಕಾರಣದಿಂದ.

ಉಣ್ಣಿಯ ಬಾಳು ಇನ್ನೂ ವಿಚಿತ್ರವಾದುದು. ನಮ್ಮ ಸಾಕುನಾಯಿಗಳಲ್ಲಿ ಹೆಚ್ಚಾಗಿ ಕಾಣುವ ಕಂದು ಉಣ್ಣಿಯು ತನ್ನ ಬೆಳವಣಿಗೆಯ ಮೂರು ಹಂತಗಳಲ್ಲಿಯೂ ಒಮ್ಮೊಮ್ಮೆ ರಕ್ತ ಹೀರಿ, ಪ್ರತಿ ಬಾರಿಯೂ ಕೆಳಗೆ ಬಿದ್ದು ಅಡಗಿಕೊಳ್ಳುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಉಣ್ಣಿಯು ಗೋಡೆಯ ಸಂದು, ಕಲ್ಲಿನ ಎಡೆ, ಬಾಗಿಲ ಚೌಕಟ್ಟಿನ ಹಿಂದೆ ಸೇರಿ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಆಹಾರವಿಲ್ಲದೆಯೂ ಅದು ಹಲವು ತಿಂಗಳು ಬದುಕಬಲ್ಲದು. ಆದುದರಿಂದ ನಾಯಿಗೆ ಮಾತ್ರ ಉಪಚಾರ ಮಾಡಿ ಅದು ಮಲಗುವ ಜಾಗವನ್ನು ಕಡೆಗಣಿಸಿದರೆ ಹದಿನೈದು ದಿನಗಳಲ್ಲಿ ಬಾಧೆ ಮತ್ತೆ ಮೊದಲಿನಂತಾಗುತ್ತದೆ.

ಹೊರಮೈಯ ಪರೋಪಜೀವಿಗಳ ನಿವಾರಣೆ

ನಾಯಿಯ ಹಾಸನ್ನು ವಾರಕ್ಕೊಮ್ಮೆ ಕುದಿನೀರಿನಲ್ಲಿ ನೆನೆಸಿ ತೊಳೆದು, ಸುಡುಬಿಸಿಲಿನಲ್ಲಿ ಒಣಗಿಸಬೇಕು. ಚಿಗಟದ ಮರಿಹುಳುಗಳು ಒಣಹವೆಯನ್ನೂ ನೇರ ಬಿಸಿಲನ್ನೂ ತಾಳಲಾರವು. ಹಾಸಿನ ಕೆಳಗಿನ ನೆಲವನ್ನು ದಿನವೂ ಗುಡಿಸಿ, ಆ ಕಸವನ್ನು ಮನೆಯ ಮೂಲೆಯಲ್ಲಿ ಇಡದೆ ಕೂಡಲೇ ಸುಡಬೇಕು ಅಥವಾ ದೂರ ಸಾಗಿಸಬೇಕು. ಗೋಡೆಯ ಬಿರುಕುಗಳನ್ನು ಗಾರೆಯಿಂದ ಮುಚ್ಚಿ ಸುಣ್ಣ ಬಳಿದರೆ ಉಣ್ಣಿಗಳಿಗೆ ಮೊಟ್ಟೆಯಿಡುವ ತಾಣವೇ ಇಲ್ಲವಾಗುತ್ತದೆ. ಅಂಗಳದ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ, ಸೌದೆ ಹಾಗೂ ಕಲ್ಲಿನ ರಾಶಿಗಳನ್ನು ನಾಯಿ ಮಲಗುವ ಸ್ಥಳದಿಂದ ದೂರವಿಡುವುದು ಉತ್ತಮ.

ಒತ್ತು ಹಲ್ಲಿನ ಹೇನುಬಾಚಣಿಗೆಯಿಂದ ಮೈ ಬಾಚಿ, ಪ್ರತಿ ಸಲವೂ ಬಾಚಣಿಗೆಯನ್ನು ಸಾಬೂನು ನೀರಿನಲ್ಲಿ ಅದ್ದಿದರೆ ಚಿಗಟಗಳು ಮುಳುಗಿ ಸಾಯುತ್ತವೆ. ಚಿಗಟವಿದೆಯೋ ಇಲ್ಲವೋ ಎಂಬ ಸಂದೇಹವಿದ್ದಲ್ಲಿ, ಬಾಚಿದಾಗ ಉದುರುವ ಕರಿಯ ಪುಡಿಯನ್ನು ಒದ್ದೆಯಾದ ಬಿಳಿಯ ಬಟ್ಟೆಯ ಮೇಲೆ ಉಜ್ಜಿ ನೋಡಬೇಕು. ಅದು ಕೆಂಪು ಬಣ್ಣ ಬಿಟ್ಟರೆ ಜೀರ್ಣವಾದ ರಕ್ತವಿರುವ ಚಿಗಟದ ಹಿಕ್ಕೆ ಎಂದು ತಿಳಿಯಬೇಕು.

ಉಣ್ಣಿಗಾಗಿ ಪ್ರತಿದಿನ ಸಂಜೆ ಕಿವಿಯ ಒಳಭಾಗ, ಕತ್ತಿನ ಪಟ್ಟಿಯ ಕೆಳಗೆ, ಬೆರಳುಗಳ ಸಂದು, ಕಂಕುಳು ಮತ್ತು ಬಾಲದ ಬುಡವನ್ನು ಕೈಯಾಡಿಸಿ ಪರೀಕ್ಷಿಸಬೇಕು. ಮುಧೋಳ ನಾಯಿಯಂತಹ ಗಿಡ್ಡಕೂದಲಿನ ತಳಿಗಳಲ್ಲಿ ಇದು ಸುಲಭ. ದಟ್ಟಕೂದಲಿನ ನಾಯಿಗಳಲ್ಲಿ ಕೂದಲನ್ನು ಬಿಡಿಸಿ ಬಿಡಿಸಿ ನೋಡಬೇಕಾಗುತ್ತದೆ. ಉಣ್ಣಿಯನ್ನು ಚರ್ಮಕ್ಕೆ ಆದಷ್ಟು ಸಮೀಪದಲ್ಲಿ ಚಿಮುಟದಿಂದ ಹಿಡಿದು, ತಿರುಚದೆ ನೇರವಾಗಿ ಎಳೆದು ಸಾಬೂನು ನೀರಿಗೆ ಹಾಕಬೇಕು. ಉಗುರಿನಿಂದ ಹಿಸುಕುವುದು, ಬೆಂಕಿಕಡ್ಡಿಯಿಂದ ಸುಡುವುದು ಸಲ್ಲದು. ಹಿಸುಕಿದಾಗ ಅದರೊಳಗಿನ ರೋಗಾಣುಗಳು ನಮ್ಮ ಕೈಗೆ ತಗುಲಬಹುದು. ಉಣ್ಣಿಜ್ವರದ ರೋಗಾಣುಗಳು ನಾಯಿಯ ದೇಹವನ್ನು ಸೇರಲು ಉಣ್ಣಿಯು ಸಾಮಾನ್ಯವಾಗಿ ಕೆಲವು ಗಂಟೆಗಳಾದರೂ ಕಚ್ಚಿಕೊಂಡಿರಬೇಕು. ಪ್ರತಿದಿನದ ಪರೀಕ್ಷೆಯ ಮಹತ್ವ ಇರುವುದು ಇಲ್ಲಿಯೇ.

ಮಲೆನಾಡಿನ ಕಾಡಂಚಿನ ನಿವಾಸಿಗಳಿಗೆ ಇನ್ನೊಂದು ಎಚ್ಚರಿಕೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ ಪತ್ತೆಯಾದ ಮಂಗನ ಕಾಯಿಲೆಯು ಕಾಡಿನ ಉಣ್ಣಿಗಳಿಂದ ಹರಡುವಂಥದು. ಮನೆಯ ಕಂದು ಉಣ್ಣಿ ಆ ಜಾತಿಯದಲ್ಲ. ಆದರೂ ಕಾಡಿಗೆ ಹೋಗಿಬರುವ ನಾಯಿಯ ಮೈಯಲ್ಲಿ ಕಾಡಿನ ಉಣ್ಣಿಗಳು ಬರುವ ಸಾಧ್ಯತೆಯಿರುವುದರಿಂದ, ಬೇಸಿಗೆಯ ತಿಂಗಳುಗಳಲ್ಲಿ ಅದನ್ನು ಹೊರಗೇ ಪರೀಕ್ಷಿಸಿ ಒಳಗೆ ಬಿಡುವುದು ಕ್ಷೇಮಕರ.

ಕರುಳಿನ ಹುಳುಗಳ ತಡೆ

ದುಂಡುಹುಳುವಿನ ಮೊಟ್ಟೆಗಳು ನಾಯಿಯ ಮಲದೊಡನೆ ಹೊರಬೀಳುತ್ತವೆ. ಅವುಗಳ ಹೊದಿಕೆ ಎಷ್ಟು ಗಟ್ಟಿಯೆಂದರೆ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವಂತವಾಗಿ ಉಳಿಯುತ್ತವೆ. ಅಂತಹ ಮಣ್ಣು ಮಕ್ಕಳ ಬಾಯಿಗೆ ಸೇರಿದಲ್ಲಿ ಹುಳುವಿನ ಮರಿಗಳು ದೇಹದೊಳಗೆ ಅಲೆಯುತ್ತಾ ಯಕೃತ್ತಿಗೂ, ಕೆಲವೊಮ್ಮೆ ಕಣ್ಣಿಗೂ ಹಾನಿ ಮಾಡುತ್ತವೆ. ದೃಷ್ಟಿಯನ್ನೇ ಕಳೆದುಕೊಳ್ಳುವ ಸಂದರ್ಭಗಳೂ ಉಂಟು. ಆದರೆ ಪ್ರಕೃತಿಯು ನಮಗೊಂದು ಅವಕಾಶವನ್ನೂ ನೀಡಿದೆ. ಹೊರಬಿದ್ದ ಮೊಟ್ಟೆಯು ಸೋಂಕು ಹರಡುವ ಸ್ಥಿತಿಗೆ ಬರಲು ಸಾಮಾನ್ಯವಾಗಿ ಎರಡು ವಾರಗಳಾದರೂ ಬೇಕು. ಮಲವನ್ನು ಅಂದಂದೇ ತೆಗೆದು, ಬಾವಿ ಹಾಗೂ ತರಕಾರಿ ಮಡಿಗಳಿಂದ ದೂರದಲ್ಲಿ ಆಳವಾಗಿ ಹೂತರೆ ಈ ಚಕ್ರವು ಅಲ್ಲಿಗೇ ಕಡಿಯುತ್ತದೆ. ತರಕಾರಿಗೆ ಬಳಸುವ ತಿಪ್ಪೆಗೆ ನಾಯಿಯ ಮಲವನ್ನು ಹಾಕಬಾರದು.

ಕೊಕ್ಕೆಹುಳುವಿನ ಗತಿ ಇದಕ್ಕಿಂತ ವೇಗದ್ದು. ತೇವವಾದ, ನೆರಳಿರುವ ಮಣ್ಣಿನಲ್ಲಿ ಸುಮಾರು ಒಂದು ವಾರದೊಳಗೆ ಅದರ ಮರಿಗಳು ಚರ್ಮವನ್ನು ಕೊರೆದು ಒಳಹೋಗಲು ಸಿದ್ಧವಾಗುತ್ತವೆ. ಬರಿಗಾಲಿನಲ್ಲಿ ನಡೆಯುವ ಮನುಷ್ಯರ ಪಾದದಲ್ಲಿ ಅಂಕುಡೊಂಕಾದ ತುರಿಕೆಯ ಗೆರೆಗಳು ಮೂಡುವುದು ಇವುಗಳಿಂದಲೇ. ಈ ಮರಿಗಳು ಬಿಸಿಲು ಹಾಗೂ ಒಣಗುವಿಕೆಗೆ ಬೇಗ ಸಾಯುವುದರಿಂದ, ನಾಯಿ ಇರುವ ಜಾಗದಲ್ಲಿ ನೀರು ನಿಲ್ಲದಂತೆಯೂ ಬಿಸಿಲು ಬೀಳುವಂತೆಯೂ ನೋಡಿಕೊಳ್ಳಬೇಕು.

ಮಲದಲ್ಲಿ ಅಥವಾ ಬಾಲದ ಕೆಳಗೆ ಅಕ್ಕಿಕಾಳಿನಂತಹ ತುಣುಕುಗಳು ಕಂಡರೆ ಅದು ಲಾಡಿಹುಳುವಿನ ಲಕ್ಷಣ. ಸಾಮಾನ್ಯ ಲಾಡಿಹುಳುವು ನಾಯಿಯ ಹೊಟ್ಟೆ ಸೇರುವುದು ಅದು ಮೈ ಕಚ್ಚಿಕೊಳ್ಳುವಾಗ ನುಂಗುವ ಚಿಗಟದ ಮೂಲಕ. ಆದ್ದರಿಂದ ಚಿಗಟವನ್ನು ನಿವಾರಿಸದೆ ಎಷ್ಟು ಔಷಧ ಕೊಟ್ಟರೂ ಇದು ಮರಳಿ ಬರುತ್ತಲೇ ಇರುತ್ತದೆ.

ಕುರಿ ಸಾಕುವ ಕಡೆಗಳಲ್ಲಿ ಮತ್ತೊಂದು ಲಾಡಿಹುಳುವಿನ ಅಪಾಯವಿದೆ. ಅದರ ಮೊಟ್ಟೆಗಳು ಮನುಷ್ಯನ ಹೊಟ್ಟೆ ಸೇರಿದರೆ ಯಕೃತ್ತು, ಶ್ವಾಸಕೋಶಗಳಲ್ಲಿ ನೀರು ತುಂಬಿದ ದೊಡ್ಡ ಗಡ್ಡೆಗಳು ಬೆಳೆಯುತ್ತವೆ. ಸತ್ತ ಅಥವಾ ಕೊಯ್ದ ಕುರಿಯ ಒಳಾಂಗಗಳನ್ನು ಹಸಿಯಾಗಿ ತಿಂದ ನಾಯಿಯಿಂದ ಇದು ಹರಡುತ್ತದೆ. 19ನೆಯ ಶತಮಾನದಲ್ಲಿ ಐಸ್‌ಲ್ಯಾಂಡ್ ದೇಶವು ಈ ರೋಗದಿಂದ ತತ್ತರಿಸಿತ್ತು. ಡೆನ್ಮಾರ್ಕಿನ ವಿಜ್ಞಾನಿ ಹರಾಲ್ಡ್ ಕ್ರಾಬೆ 1863ರಲ್ಲಿ ಅಲ್ಲಿಗೆ ಹೋಗಿ ಅಧ್ಯಯನ ನಡೆಸಿ, ನಾಯಿಗೆ ಹಸಿ ಒಳಾಂಗಗಳನ್ನು ಕೊಡಬಾರದೆಂದು ತಿಳಿಸುವ ಕಿರುಹೊತ್ತಗೆಯನ್ನು ಬರೆದರು. ಜನರ ತಿಳಿವಳಿಕೆ ಮತ್ತು ರೂಢಿಯ ಬದಲಾವಣೆ, ಅನಂತರದ ಕಾನೂನುಗಳ ಬಲದಿಂದ ಆ ರೋಗವು ಕ್ರಮೇಣ ಆ ದೇಶದಿಂದ ಮರೆಯಾಯಿತು. ಅರಿವು ಕೂಡ ಔಷಧದಷ್ಟೇ ಪ್ರಬಲವೆಂಬುದಕ್ಕೆ ಇದೊಂದು ನಿದರ್ಶನ. ನಮ್ಮ ಮನೆಗಳಲ್ಲಿ ಸಸ್ಯಾಹಾರವೇ ಇದ್ದರೂ ನಾಯಿಯನ್ನು ಅಲೆಯಲು ಬಿಟ್ಟರೆ ಅದು ಹೊರಗೆ ಏನು ತಿನ್ನುವುದೆಂದು ತಿಳಿಯುವುದಿಲ್ಲ. ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬ ಆಹಾರ ನೀಡುವುದೂ ಒಂದು ರಕ್ಷಣೋಪಾಯವೇ.

ಬೇವು ಮತ್ತಿತರ ಮನೆಮದ್ದುಗಳು

ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶವು ಕೀಟಗಳ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಎಲೆಗಳನ್ನು ಕುದಿಸಿ, ಸೋಸಿ, ತಣಿಸಿದ ನೀರಿನಿಂದ ಸ್ನಾನದ ಕೊನೆಯಲ್ಲಿ ಮೈ ತೊಳೆಯಬಹುದು. ಬೇವಿನೆಣ್ಣೆಯನ್ನು ಬಳಸುವುದಾದರೆ ಒಂದು ಭಾಗಕ್ಕೆ ಕನಿಷ್ಠ ಹತ್ತು ಭಾಗ ಕೊಬ್ಬರಿ ಎಣ್ಣೆ ಬೆರೆಸಿ, ಮೊದಲು ಸ್ವಲ್ಪ ಜಾಗದಲ್ಲಿ ಹಚ್ಚಿ ನೋಡಬೇಕು. ಕಣ್ಣು, ಗಾಯ, ಎಳೆಯ ಮರಿ ಮತ್ತು ಗರ್ಭ ಧರಿಸಿದ ನಾಯಿಗೆ ಅದು ಬೇಡ. ಹೊಟ್ಟೆಗೆ ಕೊಡುವುದಂತೂ ಸಲ್ಲದು. ಬೇವಿನ ಪರಿಣಾಮ ಸೌಮ್ಯವೂ ಅಲ್ಪಕಾಲಿಕವೂ ಆದುದು. ಸ್ವಚ್ಛತೆಗೆ ಅದು ಸಹಾಯಕವೇ ಹೊರತು ಬದಲಿಯಲ್ಲ.

ಸಸ್ಯಮೂಲವಾದುದೆಲ್ಲ ನಿರಪಾಯಕರವೆಂದು ಭಾವಿಸಬಾರದು. ಬೆಳ್ಳುಳ್ಳಿ ಮತ್ತು ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ. ಹುಳುವಿಗೆಂದು ಬೆಳ್ಳುಳ್ಳಿ ತಿನ್ನಿಸುವ ರೂಢಿಯನ್ನು ಕೈಬಿಡಬೇಕು. ಕರ್ಪೂರ ಹಾಗೂ ತಂಬಾಕಿನ ನೀರು ವಿಷಕಾರಿ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶವನ್ನು ಹಿಂದೆ ಪಶುವೈದ್ಯರೇ ಲಾಡಿಹುಳುವನ್ನು ಹೊರಹಾಕಲು ಬಳಸುತ್ತಿದ್ದುದು ನಿಜ. ಆದರೆ ಅದು ತೀವ್ರ ವಾಂತಿಭೇದಿಯನ್ನು ಉಂಟುಮಾಡುತ್ತಿದ್ದುದರಿಂದ, ಸುರಕ್ಷಿತ ಔಷಧಗಳು ಬಂದೊಡನೆ ಅದನ್ನು ಬಿಡಲಾಯಿತು. ಕಜ್ಜಿಗೆ ಹಳೆಯ ಎಂಜಿನ್ ಎಣ್ಣೆ, ಉಣ್ಣಿಗೆ ಸೀಮೆಎಣ್ಣೆ ಹಚ್ಚುವುದು ಚರ್ಮವನ್ನು ಸುಡುತ್ತದೆ. ನಾಯಿ ಮೈ ನೆಕ್ಕಿಕೊಂಡಾಗ ಹೊಟ್ಟೆಗೂ ಸೇರುತ್ತದೆ. ದನಗಳಿಗೆಂದು ತಂದ ಉಣ್ಣಿನಾಶಕವನ್ನಾಗಲಿ, ಐವರ್‌ಮೆಕ್ಟಿನ್ ಚುಚ್ಚುಮದ್ದನ್ನಾಗಲಿ ಅಂದಾಜಿನ ಮೇಲೆ ನಾಯಿಗೆ ಕೊಡುವುದು ಪ್ರಾಣಕ್ಕೇ ಎರವಾಗಬಹುದು.

ಔಷಧ ಅನಿವಾರ್ಯವಾದಾಗ

ಸಹಜ ವಿಧಾನವು ತಲುಪಲಾರದ ಒಂದು ಸ್ಥಳವಿದೆ, ಅದು ತಾಯಿಯ ಗರ್ಭ. ತಾಯಿನಾಯಿಯ ಮಾಂಸಖಂಡಗಳಲ್ಲಿ ಸುಪ್ತವಾಗಿರುವ ದುಂಡುಹುಳುವಿನ ಮರಿಗಳು ಗರ್ಭಕಾಲದಲ್ಲಿ ಎಚ್ಚತ್ತು ಹುಟ್ಟಲಿರುವ ಮರಿಗಳನ್ನು ಸೇರುತ್ತವೆ. ಕೊಕ್ಕೆಹುಳು ಹಾಲಿನ ಮೂಲಕ ದಾಟುತ್ತದೆ. ಎಷ್ಟೇ ಶುಚಿಯಾದ ಮನೆಯಲ್ಲಿ ಹುಟ್ಟಿದ್ದರೂ ಮರಿಯ ಹೊಟ್ಟೆಯಲ್ಲಿ ಹುಳುವಿರುವ ಸಂಭವ ಹೆಚ್ಚು. ಕೊಕ್ಕೆಹುಳು ರಕ್ತ ಹೀರುವುದರಿಂದ ಎಳೆಯ ಮರಿ ಕೆಲವೇ ದಿನಗಳಲ್ಲಿ ಬಿಳಚಿಕೊಂಡು ಸಾಯಬಹುದು. ಆದುದರಿಂದ ಮರಿಗೆ 2, 4, 6 ಮತ್ತು 8ನೆಯ ವಾರಗಳಲ್ಲಿ, ಅನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಜಂತುಹುಳುವಿನ ಔಷಧವನ್ನು ತೂಕಕ್ಕೆ ತಕ್ಕಂತೆ ಕೊಡಿಸಬೇಕು. ತಾಯಿನಾಯಿಗೂ ಜೊತೆಯಲ್ಲಿಯೇ ಕೊಡಿಸಬೇಕು. ಬೆಳೆದ ನಾಯಿಗೆ ಮಲಪರೀಕ್ಷೆ ಮಾಡಿಸಿ, ವೈದ್ಯರ ಸಲಹೆಯಂತೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಕೊಟ್ಟರೆ ಸಾಕು.

ಜ್ವರ, ಊಟ ಬಿಡುವುದು, ಒಸಡು ಬಿಳಚುವುದು, ಮೂಗಿನಲ್ಲಿ ರಕ್ತ, ಕಂದುಬಣ್ಣದ ಮೂತ್ರ, ಡಾಂಬರಿನಂತಹ ಕಪ್ಪು ಮಲ, ಕೂದಲುದುರಿ ಹೊಪ್ಪಳಿಕೆಗಟ್ಟಿದ ಚರ್ಮ, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿನಲ್ಲಿ ಕಾಲಹರಣ ಮಾಡದೆ ಅಂದೇ ಪಶು ಆಸ್ಪತ್ರೆಗೆ ಕರೆದೊಯ್ಯಬೇಕು. ಉಣ್ಣಿಜ್ವರಕ್ಕೆ ಬೇಗ ಚಿಕಿತ್ಸೆ ದೊರೆತರೆ ನಾಯಿ ಉಳಿಯುತ್ತದೆ, ತಡವಾದರೆ ಕೈಮೀರುತ್ತದೆ.

ತನ್ನ ತುರಿಕೆಯನ್ನೂ ನೋವನ್ನೂ ಬಾಯಿಬಿಟ್ಟು ಹೇಳಲಾರದ ಪ್ರಾಣಿಯನ್ನು ಮನೆಯಲ್ಲಿ ಇರಿಸಿಕೊಂಡ ಮೇಲೆ, ಅದರ ಮೈಯನ್ನು ದಿನಕ್ಕೊಮ್ಮೆ ಮುಟ್ಟಿ ನೋಡುವುದು ಒಡೆಯನ ಹೊಣೆ. ಶುಚಿಯಾದ ಅಂಗಳ, ಬಿಸಿಲು ಕಂಡ ಹಾಸು, ಅಂದಂದೇ ತೆಗೆದ ಮಲ, ಬೇಯಿಸಿದ ಆಹಾರ, ನಾಯಿಯನ್ನು ಮುಟ್ಟಿದ ಮೇಲೆ ಮಕ್ಕಳು ಕೈತೊಳೆಯುವ ಅಭ್ಯಾಸ, ಸಕಾಲದ ಔಷಧ, ಇವಿಷ್ಟು ಕ್ರಮವಾಗಿ ನಡೆದರೆ ನಾಯಿಯೂ ಸುಖವಾಗಿರುತ್ತದೆ, ಅದರೊಡನೆ ಆಡುವ ಮಕ್ಕಳೂ ಕ್ಷೇಮವಾಗಿರುತ್ತಾರೆ.