ಸಣ್ಣಗಾಗಿ... ಸೊರಗಬೇಡಿ!

ಬೆಳ್ಳಿತೆರೆಯ ಬೆಡಗಿಯರ ಬಳುಕುವ ನಡು ನೋಡಿ ನಿಟ್ಟುಸಿರು ಬಿಡುವ ಸೋದರಿಯರೇ, ಸ್ವಲ್ಪ ಕೇಳಿ. ಊಟ ಬಿಟ್ಟರೆ ನಡು ಸಣ್ಣಗಾದೀತು, ಖರೆ. ಆದರೆ ಅದರ ಜೊತೆಗೇ ಕೆನ್ನೆ ಗುಳಿಬೀಳುತ್ತೆ, ತೋಳು ಜೋಲುತ್ತೆ, ಮೈಯ ಮಾಟವೇ ಮಾಯ! ತಕ್ಕಡಿ ಮುಂದೆ ಹಿಗ್ಗಿದವರು ಕನ್ನಡಿ ಮುಂದೆ ಕಂಗಾಲು. ಯಾಕ್ರೀ ಹೀಗೆ?

ಮೈಮಾಟಕ್ಕೆ ಕೊಬ್ಬೊಂದೇ ಆಧಾರವಲ್ಲ, ಅದರ ಕೆಳಗಿನ ಮಾಂಸಖಂಡವೂ ಬೇಕು. ಹೊಟ್ಟೆ ಕಟ್ಟಿದರೆ ದೇಹವು ಕೊಬ್ಬಿನ ಜೊತೆ ಮಾಂಸಖಂಡವನ್ನೂ ಕರಗಿಸಿಬಿಡುತ್ತೆ. ಅದನ್ನು ಉಳಿಸಿಕೊಳ್ಳಲು ಎರಡೇ ದಾರಿ: ತಟ್ಟೆಯಲ್ಲಿ ಬೇಳೆ, ಕೈಯಲ್ಲಿ ಭಾರ!

ನಮ್ಮ ಮಂಗಳೂರಿನ ಚೆಲುವೆ ಅನುಷ್ಕಾ ಶೆಟ್ಟಿಯವರನ್ನೇ ನೋಡಿ. ನಟಿಯಾಗುವ ಮೊದಲು ಯೋಗ ಕಲಿಸುತ್ತಿದ್ದವರು. 2015ರ ತೆಲುಗು ಚಿತ್ರ ‘ಸೈಜ್ ಝೀರೋ’ಗಾಗಿ ನಿಜವಾಗಿಯೂ ಮೈ ಬೆಳೆಸಿಕೊಂಡರು. ಏರಿಸಿದ್ದು ಸಲೀಸು, ಇಳಿಸಲು ಮಾತ್ರ ಹೆಣಗಬೇಕಾಯಿತು. ದಿಢೀರನೆ ತೆಳ್ಳಗೆ ಮಾಡುತ್ತೇವೆಂಬ ಕ್ಲಿನಿಕ್ ವಿರುದ್ಧ ದಪ್ಪ ಹುಡುಗಿಯೊಬ್ಬಳ ಹೋರಾಟವೇ ಆ ಚಿತ್ರದ ಕಥೆ. ತೆಲುಗು ಸಿನಿಮಾ ಅಂದರೆ ಪ್ರಾಣ ಬಿಡುವ ಸೇಡಂ, ಚಿಂಚೋಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಕಥೆಯಲ್ಲ, ಕಣ್ಣೀರಿನ ನಿಜವೂ ಇದೆ. 2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆಂದು ಹೋದವರು ತಿರುಗಿ ಮನೆಗೆ ಬರಲಿಲ್ಲ. ವಯಸ್ಸು ಬರೀ 21!

ಹಾಗಾದರೆ ಏನು ಮಾಡೋಣ ಅಂತೀರಾ? ಮೊದಲು ಟೇಪು ಹಿಡಿಯಿರಿ. ಹೊಟ್ಟೆಯ ಸುತ್ತಳತೆ 80 ಸೆಂ.ಮೀ. ದಾಟಿದ್ದರೆ ಇಳಿಸುವುದು ಒಳ್ಳೆಯದು. ಅದಕ್ಕಿಂತ ಕಡಿಮೆ ಇದ್ದು, ತೂಕವೂ ಎತ್ತರಕ್ಕೆ ತಕ್ಕಂತಿದ್ದರೆ ಪಥ್ಯವೇಕೆ? ವಾರಕ್ಕೆ ಅರ್ಧ ಕಿಲೋ ಇಳಿದರೆ ಧಾರಾಳ.

ಊಟಕ್ಕೆ ಪರದೇಶದ ಡಬ್ಬಿ ಪುಡಿ ಬೇಡ. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಜಿ.ಐ. ಮಾನ್ಯತೆಯೇ ಸಿಕ್ಕಿದೆ! ನೂರು ಗ್ರಾಂ ಒಣ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು. ಮೂರು ರೊಟ್ಟಿ ತಿನ್ನುವವರು ಎರಡು ತಿನ್ನಿ. ತಿಳಿಸಾರು ಬಿಟ್ಟು ಗಟ್ಟಿ ಬೇಳೆ, ಮೊಳಕೆ ಹೆಸರುಕಾಳು, ಪುಂಡಿಪಲ್ಯ, ಮಜ್ಜಿಗೆ ಹೆಚ್ಚಿಸಿ. ತಿನ್ನುವವರಾದರೆ ಮೊಟ್ಟೆಯೂ ಇರಲಿ. ಮಿರ್ಚಿ ಭಜಿ, ಸಕ್ಕರೆ ಚಹಾ ಮಾತ್ರ ಕೈಬಿಡಿ. ಶೇಂಗಾ ಹಿಂಡಿ ಒಳ್ಳೆಯದೇ, ಆದರೆ ಎಣ್ಣೆಯಂಶ ಜಾಸ್ತಿ. ಒಂದೇ ಚಮಚ ಸಾಕು.

ಇನ್ನು ಭಾರ. ವಾರಕ್ಕೆ ಮೂರು ದಿನ ಬಸ್ಕಿ ಹೊಡೆಯಿರಿ, ತೊಡೆ ಗಟ್ಟಿಯಾಗುತ್ತೆ. ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟ ಮೇಲೆತ್ತಿ ಇಳಿಸಿ, ನಿತಂಬ ತುಂಬಿಕೊಳ್ಳುತ್ತೆ. ಗೋಡೆಗೆ ಕೈಯೂರಿ ದಂಡ ತೆಗೆಯಿರಿ. ಎರಡು ಲೀಟರ್ ಬಾಟಲಿಗೆ ನೀರು ತುಂಬಿದರೆ ಎರಡು ಕಿಲೋ ತೂಕ ಸಿದ್ಧ! ಒಂದೊಂದನ್ನೂ ಹತ್ತು ಹತ್ತರಂತೆ ಮೂರು ಸಲ ಮಾಡಿ. ಸಲೀಸೆನಿಸಿದಾಗ ಭಾರ ಏರಿಸಿ. ಉಳಿದ ದಿನ ಅರ್ಧ ತಾಸು ಬಿರುಸಿನ ನಡಿಗೆ. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಏನಿದ್ದರೂ ಸೂರ್ಯ ನೆತ್ತಿಗೇರುವ ಮೊದಲು!

‘ಭಾರ ಎತ್ತಿದರೆ ಗಂಡಸರಂತೆ ಆಗ್ತೀವಲ್ರೀ’ ಎಂದು ಹೆದರುವವರಿದ್ದಾರೆ. ಶಹಾಬಾದ್, ವಾಡಿ, ಚಿತ್ತಾಪುರದ ಕಡೆ ಫರಸಿ ಕಲ್ಲು ಹೊರುವ ಅಕ್ಕಂದಿರನ್ನು ನೋಡಿ. ಅವರಿಗದು ಹೊಟ್ಟೆಪಾಡು, ಶೋಕಿಯಲ್ಲ. ದಿನವಿಡೀ ಹೊತ್ತರೂ ಅವರಿಗೆ ಪೈಲ್ವಾನರ ಮೈ ಬಂದಿದೆಯೇ?

ಹೊಟ್ಟೆಯ ಕೊಬ್ಬನ್ನಷ್ಟೇ ಆರಿಸಿ ಕರಗಿಸುವ ಬೆಲ್ಟು, ಮಾತ್ರೆ, ಎಣ್ಣೆ ಇನ್ನೂ ಹುಟ್ಟಿಲ್ಲ. ಕಾಸು ಕಳೆದುಕೊಳ್ಳಬೇಡಿ. ಬಸುರಿಯರು, ಹಾಲೂಡಿಸುವವರು, ಥೈರಾಯಿಡ್, ಸಕ್ಕರೆ ಕಾಯಿಲೆಯವರು ಮೊದಲು ಡಾಕ್ಟರನ್ನು ಕೇಳಿ. ಮುಟ್ಟು ತಪ್ಪಿದರೆ, ಕೂದಲು ಉದುರಿದರೆ, ತಲೆ ತಿರುಗಿದರೆ ಪಥ್ಯ ಅತಿಯಾಗಿರಬಹುದು, ತಡಮಾಡದೆ ತೋರಿಸಿ. ಉಳಿದವರು ನಾಳೆ ಬೆಳಿಗ್ಗೆ ಹತ್ತು ಬಸ್ಕಿಯಿಂದ ಶುರುಮಾಡಬಹುದು!