ಅಕ್ಕಿ ಇತ್ತು, ಲೆಕ್ಕದಲ್ಲಿ ಜನ ಇರಲಿಲ್ಲ

1943ರ ಬಂಗಾಳದ ಕ್ಷಾಮದಲ್ಲಿ ಹಸಿವಿನಿಂದಲೂ ಅದರ ಬೆನ್ನಿಗೇ ಬಂದ ಮಲೇರಿಯಾ, ಕಾಲರಾಗಳಿಂದಲೂ ಸತ್ತವರು ಸುಮಾರು 15 ಲಕ್ಷ ಎಂದು ಅಂದಿನ ಸರ್ಕಾರವೇ ನೇಮಿಸಿದ ವಿಚಾರಣಾ ಆಯೋಗ ಒಪ್ಪಿತು. ಆಮೇಲಿನ ಅಂದಾಜುಗಳು 30 ಲಕ್ಷದವರೆಗೂ ಹೋಗುತ್ತವೆ. ಇಷ್ಟು ಜನರನ್ನು ಕೊಂದದ್ದು ಶತ್ರುವಿನ ಗುಂಡಲ್ಲ. ಯಾರ ಜೀವಕ್ಕೆ ಎಷ್ಟು ಬೆಲೆ ಎಂದು ಆಳುವವರು ಹಾಕಿದ ಲೆಕ್ಕ. ಯುದ್ಧಕ್ಕೂ ಹಸಿವಿಗೂ ಇರುವ ನೈತಿಕ ಬೇರು ಇದೊಂದೇ ಎಂಬುದು ನನ್ನ ವಾದ.

1942ರ ಮಾರ್ಚ್‌ನಲ್ಲಿ ಎರಡನೇ ಮಹಾಯುದ್ಧದ ನಡುವೆ ರಂಗೂನ್ ಜಪಾನಿನ ವಶವಾಗಿ ಬಂಗಾಳಕ್ಕೆ ಬರುತ್ತಿದ್ದ ಬರ್ಮಾದ ಅಕ್ಕಿ ನಿಂತಿತು. ಶತ್ರು ಬಂದರೆ ಕಾಳೂ ದೋಣಿಯೂ ಅವನ ಕೈಗೆ ಸಿಗಬಾರದೆಂದು ಬ್ರಿಟಿಷ್ ಆಡಳಿತ ಕರಾವಳಿ ಜಿಲ್ಲೆಗಳ ಅಕ್ಕಿಯನ್ನು ಎತ್ತಿಸಿತು. ಹತ್ತು ಜನರಿಗಿಂತ ಹೆಚ್ಚು ಮಂದಿಯನ್ನು ಹೊರಬಲ್ಲ ದೋಣಿಗಳನ್ನು ಸಾವಿರಗಟ್ಟಲೆ ಕಿತ್ತುಕೊಂಡಿತು. ನದಿಯೇ ರಸ್ತೆಯಾಗಿರುವ ನಾಡಿನಲ್ಲಿ ಹೀಗಾದರೆ ಮೀನುಗಾರನ ಅನ್ನವೂ ಹೋಯಿತು, ಭತ್ತ ಸಾಗುವ ದಾರಿಯೂ ಹೋಯಿತು. ಕಲ್ಕತ್ತೆಯಲ್ಲಿ ಯುದ್ಧಸಾಮಗ್ರಿ ಕಾರ್ಖಾನೆಗಳ ಕಾರ್ಮಿಕರಿಗೆ, ಸರ್ಕಾರಿ ನೌಕರರಿಗೆ ಅಗ್ಗದ ಧಾನ್ಯ ಸಿಗುತ್ತಿತ್ತು. ಹಳ್ಳಿಯ ಕೂಲಿಗಳು, ಮೀನುಗಾರರು, ಭತ್ತ ಕುಟ್ಟಿ ಬದುಕುವ ಹೆಂಗಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. 1942ರ ಡಿಸೆಂಬರ್‌ನಲ್ಲಿ ಮಣಕ್ಕೆ 13–14 ರೂಪಾಯಿ ಇದ್ದ ಅಕ್ಕಿ ಮರು ಆಗಸ್ಟ್‌ಗೆ 37 ರೂಪಾಯಿ ಮುಟ್ಟಿದಾಗ ಮೊದಲು ಬಿದ್ದವರು ಅವರೇ.

ಚಂಡಮಾರುತ ಬಂದಿತ್ತಲ್ಲ ಎನ್ನುವವರಿದ್ದಾರೆ. ನಿಜ, 1942ರ ಅಕ್ಟೋಬರ್‌ನಲ್ಲಿ ಮಿಡ್ನಾಪುರ ಕೊಚ್ಚಿಹೋಯಿತು, ಬೆಳೆಗೆ ರೋಗವೂ ತಗುಲಿತು. ಆದರೆ ಕ್ಷಾಮವಿಲ್ಲದ 1941ರಲ್ಲಿ ಇದ್ದದ್ದಕ್ಕಿಂತ 1943ರಲ್ಲಿ ಬಂಗಾಳದಲ್ಲಿ ಹೆಚ್ಚು ಧಾನ್ಯವಿತ್ತೆಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರಲ್ಲಿ ಅಂಕಿಅಂಶ ಮುಂದಿಟ್ಟು ತೋರಿಸಿದರು. ದಾಸ್ತಾನು ಮಾಡಿದ ವ್ಯಾಪಾರಿಗಳದ್ದು ತಪ್ಪಲ್ಲವೇ? ಖಂಡಿತ ತಪ್ಪು. ಆದರೆ 1943ರ ಮಾರ್ಚ್‌ನಲ್ಲಿ ಬೆಲೆ ನಿಯಂತ್ರಣ ತೆಗೆದು ಅವರಿಗೆ ಬಾಗಿಲು ತೆರೆದದ್ದು ಸರ್ಕಾರ. ಕ್ಷಾಮ ಬಂದರೆ ಏನು ಮಾಡಬೇಕೆಂದು ಹೇಳುವ ಕ್ಷಾಮ ಸಂಹಿತೆ ಕೈಯಲ್ಲೇ ಇದ್ದರೂ ಸರ್ಕಾರ ಕ್ಷಾಮವನ್ನು ಘೋಷಿಸಲೇ ಇಲ್ಲ. ಇನ್ನು ಉಳಿಯುವುದು ಗಟ್ಟಿಯಾದ ಆಕ್ಷೇಪ: ಫ್ಯಾಸಿಸಂ ವಿರುದ್ಧದ ಯುದ್ಧ ನ್ಯಾಯದ್ದು, ಧಾನ್ಯ ತರಲು ಹಡಗುಗಳಿರಲಿಲ್ಲ, ಯಾರಾದರೂ ಕಷ್ಟ ಹೊರಲೇಬೇಕಿತ್ತು. ಯುದ್ಧ ನ್ಯಾಯದ್ದೆಂದು ನಾನೂ ಒಪ್ಪುತ್ತೇನೆ. ಅದೇ ಯುದ್ಧದಲ್ಲಿ ಅದೇ ಲಂಡನ್ ಸರ್ಕಾರ ತನ್ನ ಜನರಿಗೆ 1940ರ ಜನವರಿಯಿಂದಲೇ ರೇಷನ್ ತಂದು ಬಡವರ ತಟ್ಟೆಗೂ ಪಾಲು ಮುಟ್ಟಿಸಿತು. ಯುದ್ಧ ಮುಗಿಯುವವರೆಗೂ ಅಲ್ಲಿ ಬ್ರೆಡ್ಡಿಗೆ ಮಿತಿ ಹಾಕಲಿಲ್ಲ. ಹಂಚಿ ಉಣ್ಣಿಸುವುದು ಗೊತ್ತಿದ್ದ ಸರ್ಕಾರ ಬಂಗಾಳಕ್ಕೆ ಹಡಗು ಕೇಳಿದಾಗ ಮತ್ತೆ ಮತ್ತೆ ಇಲ್ಲವೆಂದಿತು. ಕಷ್ಟ ಯಾರು ಹೊರಬೇಕೆಂದು ಆರಿಸಿದವರು, ಹೊತ್ತವರಲ್ಲ.

ಆ ಲೆಕ್ಕ ಬಂಗಾಳಕ್ಕೇ ಮುಗಿಯಲಿಲ್ಲ. ನಾಗರಿಕರನ್ನು ಉಪವಾಸ ಕೆಡವಿ ಯುದ್ಧ ಮಾಡುವುದನ್ನು 1977ರ ಜಿನೀವಾ ಹೆಚ್ಚುವರಿ ಪ್ರೋಟೊಕಾಲ್ ನಿಷೇಧಿಸಿದೆ. 2018ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅದನ್ನು ಖಂಡಿಸಿ ನಿರ್ಣಯ ಮಾಡಿತು. ಆದರೂ 2024ರಲ್ಲಿ ಸುಡಾನಿನ ಜಮ್‌ಜಮ್ ಶಿಬಿರದಲ್ಲಿ, 2025ರಲ್ಲಿ ಗಾಜಾದಲ್ಲಿ ಕ್ಷಾಮ ದೃಢಪಟ್ಟಿತು. ಕಾನೂನಿದ್ದು ಏನು ಪ್ರಯೋಜನ ಎಂದು ಕೈಚೆಲ್ಲುವುದು ಸುಲಭ. ಆದರೆ ಧಾನ್ಯದ ಲಾರಿ ತಡೆದವನನ್ನು ಅಪರಾಧಿಯೆಂದು ಕರೆಯಲು ನಮಗಿರುವ ಆಧಾರ ಕಾನೂನೇ. ಭಾರತ ಆ ಪ್ರೋಟೊಕಾಲನ್ನು ಇನ್ನೂ ಒಪ್ಪಿಕೊಂಡಿಲ್ಲ. ಬಂಗಾಳವನ್ನು ಕಂಡ ದೇಶ ಅದನ್ನು ಒಪ್ಪಿಕೊಳ್ಳಬೇಕು. ನಮ್ಮ ಸಂಸದರನ್ನು ನಾವು ಇದನ್ನು ಕೇಳಬೇಕು.