ಬಂಡೆ ಸೀಳುವ ಬೆಣೆ, ಬೊಂಬೆ ಕಡೆಯುವ ಉಳಿ

ರಾಮನಗರದ ಬಂಡೆಗಳ ವಯಸ್ಸು ಕೇಳಿದರೆ ಎದೆ ಝಲ್ಲೆನ್ನುತ್ತದೆ: ಸುಮಾರು 250 ಕೋಟಿ ವರ್ಷ! ಊರಿಗೆ ಬ್ರಿಟಿಷರ ಕಾಲದಲ್ಲಿದ್ದ ಕ್ಲೋಸ್‌ಪೇಟೆ ಎಂಬ ಹೆಸರೇ ಕಲ್ಲಿಗೂ ಅಂಟಿಕೊಂಡು, ಭೂವಿಜ್ಞಾನಿಗಳಿಗೆ ಇದು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್. ಮಾಗಡಿ, ಕನಕಪುರದ ಸುತ್ತಲೂ ಇದರದೇ ಸಾಮ್ರಾಜ್ಯ. ಇಂಥ ಬಂಡೆಯನ್ನು ಪುಟ್ಟ ಕಬ್ಬಿಣದ ಬೆಣೆಗಳು ಸೀಳಿಬಿಡುತ್ತವೆ ಎಂದರೆ ನಂಬುತ್ತೀರಾ?

ಕಲ್ಲು ಒಡೆಯುವವರ ಕೈಚಳಕ ನೋಡಬೇಕು. ಬಂಡೆಯ ಮೇಲೆ ನೇರ ಸಾಲಿನಲ್ಲಿ ಚಿಕ್ಕ ಚಿಕ್ಕ ಗುಳಿ ತೋಡಿ, ಒಂದೊಂದಕ್ಕೂ ಬೆಣೆ ಕೂರಿಸಿ, ಈ ತುದಿಯಿಂದ ಆ ತುದಿಗೆ ಸುತ್ತಿಗೆಯಿಂದ ಒಂದೊಂದೇ ಪೆಟ್ಟು. ಮತ್ತೆ ಮೊದಲಿಂದ. ಇದ್ದಕ್ಕಿದ್ದಂತೆ ಗುಳಿಯಿಂದ ಗುಳಿಗೆ ಕೂದಲೆಳೆಯ ಬಿರುಕು ಓಡುತ್ತದೆ, ಚಪ್ಪಡಿ ಬೇರೆ! ಗುಟ್ಟೇನು? ಮೇಲಿಂದ ಬಿದ್ದ ಪೆಟ್ಟನ್ನು ಬೆಣೆ ಎರಡೂ ಪಕ್ಕಕ್ಕೆ ನೂಕುವ ಬಲವಾಗಿ ತಿರುಗಿಸುತ್ತದೆ, ಅದೂ ಹಲವು ಪಟ್ಟು ಹೆಚ್ಚಿಸಿ. ಎಷ್ಟು ಒತ್ತಿದರೂ ಜಗ್ಗದ ಗ್ರಾನೈಟ್‌ಗೆ ಎಳೆದು ಬಿಡಿಸುವ ಬಲವನ್ನು ತಡೆಯುವ ತಾಕತ್ತು ಒತ್ತಡ ತಡೆಯುವ ತಾಕತ್ತಿನ ಹತ್ತನೇ ಒಂದು ಪಾಲಿನಷ್ಟೂ ಇಲ್ಲ. ಪುಕ್ಕಟೆ ಸಿಕ್ಕಿದ್ದೇನೂ ಅಲ್ಲ ಇದು: ಬೆಣೆ ಅಷ್ಟು ಇಳಿದರೆ ಬಿರುಕು ಬಿಡುವುದು ಇಷ್ಟೇ ಇಷ್ಟು. ದೂರ ಕೊಟ್ಟು ಬಲ ಕೊಳ್ಳುವ ವ್ಯಾಪಾರ. ಈ ವ್ಯಾಪಾರವನ್ನು ಮೊದಲು ಕುದುರಿಸಿದ ಕಲ್ಲುಕುಟಿಗ ಯಾರೋ, ಅವರಿಗೆ ನನ್ನ ಸಾಷ್ಟಾಂಗ!

ರೇಷ್ಮೆ ನೂಲು ಬಿಚ್ಚುವ ಚರಕದಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗು. ದ್ವಿತಳಿ ಗೂಡೊಂದರ ಎಳೆಯೇ ಸುಮಾರು ಒಂದು ಕಿಲೋಮೀಟರ್! ಬಿಸಿನೀರಲ್ಲಿ ಕುಣಿಯುವ ಹಲವು ಗೂಡುಗಳ ಎಳೆ ಕೂಡಿಸಿ ಸುತ್ತಲು ಬಲ ಬೇಡ, ಓಟ ಬೇಕು. ಹಿಡಿಕೆ ಹಿಡಿದ ಕೈ ಚಿಕ್ಕ ಸುತ್ತು ಹಾಕಿದರೆ ಸಾಕು, ದೊಡ್ಡ ರಾಟೆಯ ಅಂಚು ಅದಕ್ಕಿಂತ ಹೆಚ್ಚು ದೂರ ಓಡಿ ನೂಲು ಸುತ್ತಿಕೊಳ್ಳುತ್ತದೆ. ಇಲ್ಲಿ ಬಲ ಕೊಟ್ಟು ದೂರ ಕೊಂಡೆವು.

ಇನ್ನು ಚನ್ನಪಟ್ಟಣ! ಬೊಂಬೆ ಕಡೆಯುವ ತಿರುಗಣೆಗೆ ಈಗ ಬಹಳ ಕಡೆ ಮೋಟಾರು ಬಂದಿದೆ. ಕೈ ತಿರುಗಣೆಯಲ್ಲಾದರೆ ಅಚ್ಚಿಗೆ ಸುತ್ತಿದ ಹಗ್ಗವನ್ನು ಒಬ್ಬರು ಅತ್ತ ಇತ್ತ ಎಳೆಯುತ್ತಾರೆ, ಬೆಳ್ಳನೆಯ ಆಲೆ ಮರದ ತುಂಡು ಗಿರಗಿರ ತಿರುಗುತ್ತದೆ. ಇನ್ನೊಬ್ಬರ ಕೈಲಿ ಉಳಿ. ಆ ಉಳಿಯ ಅಲಗು ಬೇರೇನಲ್ಲ, ಬಂಡೆ ಸೀಳಿದ ಅದೇ ಬೆಣೆ! ಉಳಿಯನ್ನು ಆನಿಸಿದ ಅಡ್ಡಪಟ್ಟಿಯೇ ಸನ್ನೆಗೋಲಿನ ಆಧಾರ. ಹಿಡಿಯ ತುದಿ ಒಂದಿಷ್ಟು ಸರಿದರೆ ಅಲಗು ಸರಿಯುವುದು ಎಳ್ಳಷ್ಟು. ಅದಕ್ಕೇ ಬೊಂಬೆಯ ಕತ್ತಿನ ತಿರುವು ಅಷ್ಟು ನವಿರು.

ಅದಾದ ಮೇಲಿನದು ಜಾದೂ. ಯಂತ್ರಗಳ ಶತ್ರು ಎಂದೇ ಹೆಸರಾದ ಘರ್ಷಣೆ ಇಲ್ಲಿ ಬಣ್ಣ ಹಚ್ಚುತ್ತದೆ! ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಮೆದುವಾಗಿ ಮೈಗೆ ಹತ್ತಿಕೊಳ್ಳುತ್ತದೆ. ಕುಂಚವಿಲ್ಲ, ಒಲೆಯಿಲ್ಲ. ಮೇಲೊಂದು ತಾಳೆಗರಿ ಒತ್ತಿದರೆ ಬಣ್ಣ ಸಮನಾಗಿ ಹರಡಿ ಫಳಫಳ. ತಣಿದ ಕೂಡಲೇ ಅರಗು ಗಟ್ಟಿ. ಒಣಗಲೆಂದು ಕಾಯುವ ಗೊಡವೆಯೇ ಇಲ್ಲ, ಮುಂದಿನ ತುಂಡನ್ನು ತಿರುಗಣೆಗೆ ಏರಿಸುವುದೇ!